ಎತ್ತಿ ಹುಯ್ದ ನೀರು

ಬೆಳಿಗ್ಗೆ ಆರು ಗಂಟೆಗೆ ಡ್ರೈವರ್ ಚಿಕ್ಕಮುನಿಯಪ್ಪ ಕೆಂಚಪ್ಪಗೌಡರ ಮನೆ ಮುಂದೆ ಕಾರಿನ ಬಾನೆಟ್ ಎತ್ತಿ ನಿಂತ್ಕೋತಿದ್ದ. ನಿಂತೇ ಇರ್ತಿದ್ದ. ಹತ್ತು ಹೆಜ್ಜೆ ಆಚೆ ಬಾವಿ. ಬಾವಿ ಕಟ್ಟೆ ಮೇಲೆ ಹಗ್ಗ ಇದೆ, ಕೊಡ ಇದೆ. ಕಾರಿನ ರೇಡಿಯೇಟರಿಗೆ ನೀರು ಬೇಕು. ಇವನಿಗೆ ಕೈಕಾಲು ಗಟ್ಟಿಯಾಗಿದಾವೆ. ಆದರೂ ನಿಂತಿರಬೇಕು. ಒಳಗಿಂದ ಯಾರಾದರೂ ಬಂದು, ನೀರು ಸೇದಿ, ಕೊಡ ಎತ್ತಿ, ಮೇಲಿಂದ ಹುಯ್ಯಬೇಕು. ಇವನು ಕೊಡ ಮುಟ್ಟೋ ಹಂಗಿಲ್ಲ.

ಒಳಗಿನವರು ಏಳಬೇಕು, ಮುಖ ತೊಳೀಬೇಕು, ಹಸು ಕರೀಬೇಕು. ಆಮೇಲೆ ನೆನಪಾದರೆ ಬರೋರು. ಒಂದು ಮಾರು ದೂರದಿಂದ ಎತ್ತಿ ಹುಯ್ದರೆ ಅರ್ಧ ನೀರು ಇಂಜಿನ್ ಮೇಲೆ, ಅರ್ಧ ಇವನ ಮೈಮೇಲೆ. ಧನುರ್ಮಾಸದ ಚಳಿಯಲ್ಲಿ ಆ ಒದ್ದೆ ಷರಟಲ್ಲೇ ಗೌಡರನ್ನ ಪೇಟೆಗೆ ಕರ್ಕೊಂಡು ಹೋಗೋನು.

ಅಲ್ಲಾ ಸ್ವಾಮಿ, ನೀವೇ ಹೇಳಿ. ಅವನು ಒರೆಸಿದ ಸೀಟಿನ ಮೇಲೆ ಗೌಡರು ಕೂತ್ಕೋತಾರೆ. ಅವನು ತೆಗೆದ ಬಾಗಿಲಲ್ಲಿ ಗೌಡ್ತಿ ಇಳೀತಾರೆ. ಅದಕ್ಕೆಲ್ಲ ಮೈಲಿಗೆ ಇಲ್ಲ. ಕೊಡಕ್ಕೆ ಮಾತ್ರ ಮೈಲಿಗೆ! ಇದು ತಪ್ಪು ಅಂತ ಕಾನೂನು ಬಂದು ಆಗಲೇ ಎರಡು ವರ್ಷ ಆಗಿತ್ತು. ನಮ್ಮೂರು ಕುರುಬರಹಳ್ಳಿಗೆ ಮಾತ್ರ ಅದು ಇನ್ನೂ ಬಂದಿರಲಿಲ್ಲ.

ನಾನು ವೆಂಕಟಸ್ವಾಮಿ. ಮಾಗಡಿ ರಸ್ತೆ ಟೋಲ್‌ಗೇಟ್ ಹತ್ತಿರ ನನ್ನ ತಗಡಿನ ಅಂಗಡಿ. ತೂತು ಬಿದ್ದ ರೇಡಿಯೇಟರಿಗೆ ಬೆಸುಗೆ ಹಾಕೋದು ನನ್ನ ಕೆಲಸ. ಕಾರು, ಲಾರಿ, ಟ್ಯಾಕ್ಸಿ ಎಲ್ಲಾ ಬರ್ತಿದ್ವು. ಇಲ್ಲಿ ಕೂತ್ಕೊಂಡು ಗೌಡರನ್ನ ಬೈತೀನಲ್ಲ, ನಾನೇನು ಸಾಚಾ ಅಲ್ಲ. ನನ್ನ ಅಂಗಡಿ ಹೊರಗಡೆ ಗೋಡೆಗೆ ಒಂದು ಮೊಳೆ ಹೊಡೆದಿದ್ದೆ. ಮೊಳೆಗೆ ಒಂದು ತಗಡಿನ ಲೋಟ. ಚಿಕ್ಕಮುನಿಯಪ್ಪ ಬಂದರೆ ಟೀ ಅದಕ್ಕೇ ಹುಯ್ತಿದ್ದೆ, ಎತ್ತಿ. ಅವನು ಕುಡಿದು, ತೊಳೆದು, ತಿರುಗಾ ಮೊಳೆಗೆ ಹಾಕೋನು. ಆರು ವರ್ಷ ಹಿಂಗೇ ನಡೀತು. ನಮ್ಮಿಬ್ಬರದೂ ಭಾರೀ ಸ್ನೇಹ ಅಂತ ನಾನು ಊರಿಗೆಲ್ಲ ಹೇಳ್ಕೋತಿದ್ದೆ. ಥೂ!

ಅವನ ಅಪ್ಪ ಕೆಂಚಪ್ಪಗೌಡರ ಅಪ್ಪನ ಮನೇಲಿ ಜೀತಕ್ಕಿದ್ದೋನು. ಜೀತದಲ್ಲೇ ಸತ್ತ. ಇವನು ಮಾತ್ರ ಯುದ್ಧದ ಟೈಮಲ್ಲಿ ಯಾರಿಗೂ ಹೇಳದೆ ಓಡಿಹೋಗಿ ಮಿಲಿಟರಿ ಸೇರಿದ. ಬರ್ಮಾ ಗಡಿಯಲ್ಲಿ ಲಾರಿ ಓಡಿಸಿದ. ರುಜು ಹಾಕೋದು ಕಲಿತ. ಲೈಸೆನ್ಸ್ ತಗೊಂಡು ಊರಿಗೆ ಬಂದ.

"ವೆಂಕಟಸ್ವಾಮಣ್ಣ, ನಮ್ಮಪ್ಪ ಗೌಡ್ರ ಎತ್ತಿನ ಹಿಂದೆ ನಡೆದ. ನಾನು ಗೌಡ್ರ ಮುಂದೆ ಕೂತ್ಕೋತೀನಿ. ಅಷ್ಟು ಸಾಕು ಬಿಡಣ್ಣ" ಅಂತ ನಗ್ತಿದ್ದ.

ಗೌಡರ ಹೊಲ ಹೊಸ ಲೇಔಟಿಗೆ ಹೋಗಿ ಕೈಗೆ ಕಾಸು ಬಂದಿತ್ತು. ಹರಾಜಲ್ಲಿ ಒಂದು ಹಳೇ ಕರೀ ಕಾರು ತಂದರು. ಓಡಿಸೋಕೆ ಸುತ್ತಮುತ್ತ ಬಲ್ಲೋನು ಇವನೊಬ್ಬನೇ. ಇಟ್ಕೊಂಡರು. ಇಟ್ಕೊಂಡ ಮೊದಲನೇ ದಿನವೇ ಗೌಡರು ಅಂದ್ರಂತೆ: "ಲೇ ಚಿಕ್ಕ, ಲೈಸೆನ್ಸ್ ಇಲ್ಲಿ ಕೊಡು. ಕೇರೀಲಿ ಇಲಿ ತಿಂದೀತು. ನನ್ನ ಪೆಟ್ಟಿಗೇಲಿ ಭದ್ರವಾಗಿರ್ತದೆ."

ಕೊಟ್ಟುಬಿಟ್ಟ. ಮಿಲಿಟರಿ ಅಭ್ಯಾಸದಲ್ಲಿ "ಆಗ್ಲಿ ಸಾರ್" ಅಂದನಂತೆ. ಗೌಡರಿಗೆ ಮುಖ ಕೆಂಪಾಯ್ತು. "ಸಾರ್ ಅಲ್ಲ ಕಣೋ. ನಿಮ್ಮಪ್ಪ ಏನಂತಿದ್ದ?"

"ಬುದ್ಧಿ ಅಂತಿದ್ದ."

"ಹಂಗನ್ನು."

ಐವತ್ತೇಳನೇ ಇಸವಿ ಬೇಸಿಗೆ. ಆ ಕಾರಿನ ರೇಡಿಯೇಟರ್ ಕೆಳಗಡೆ ತೊಟ್ಟಿಕ್ಕೋಕೆ ಶುರುವಾಯ್ತು. ಎರಡು ಸಲ ಬೆಸುಗೆ ಹಾಕಿದೆ. ಮೂರನೇ ಸಲ ಗೌಡರೇ ಬಂದಿದ್ರು.

"ಗೌಡ್ರೇ, ಒಳಗಿನ ಕೊಳವೆ ಎಲ್ಲಾ ಕಿಲುಬು ಕಟ್ಟಿದೆ. ನೀರು ಓಡಾಡ್ತಿಲ್ಲ. ನೀರು ಓಡಾಡಿದ್ರೇನೇ ಇಂಜಿನ್ ತಣ್ಣಗಿರೋದು. ಬೇರೆ ಹಾಕಿಸ್ಬಿಡಿ" ಅಂದೆ.

"ಒಂದು ಹಿಡಿ ರಾಗಿಹಿಟ್ಟು ಹಾಕು. ತೂತು ತಾನೇ ಮುಚ್ಕೋತದೆ. ಲಾರಿಯೋರೆಲ್ಲ ಹಂಗೇ ಮಾಡೋದು."

"ತೂತೂ ಮುಚ್ತದೆ, ಕೊಳವೇನೂ ಮುಚ್ತದೆ ಗೌಡ್ರೇ. ದಾರೀಲಿ ನಿಂತಾಗ ಮನೆ ಸೇರೋವರೆಗೆ ಅಷ್ಟೇ ಅದು. ದೊಡ್ಡ ಪ್ರಯಾಣಕ್ಕೆ ಆಗಲ್ಲ."

ಗೌಡರು ನನ್ನ ಅಂಗಡಿ ಸೂರನ್ನ ಒಂದು ಸಲ, ಗೋಡೆನ ಒಂದು ಸಲ ನೋಡಿದರು. "ಈ ಜಾಗ ಯಾರ್ದಯ್ಯ ವೆಂಕಟಸ್ವಾಮಿ?"

"ತಮ್ದೇ ಗೌಡ್ರೇ."

"ಹಾಕು ಮತ್ತೆ."

ಚಿಕ್ಕಮುನಿಯಪ್ಪ ನನ್ನ ಮುಖ ನೋಡ್ತಿದ್ದ. ನಾನು ಅವನ ಮುಖ ನೋಡಲಿಲ್ಲ. ನನ್ನ ಕೈಯಾರೆ ರಾಗಿಹಿಟ್ಟು ಹಾಕಿದೆ. ಸೋರೋದು ನಿಂತಿತು. ಗೌಡರು ಬಹಳ ಖುಷಿಯಾಗಿ ಹೋದರು.

ಅವತ್ತಿಂದ ಚಿಕ್ಕಮುನಿಯಪ್ಪನ ಮುಖದಲ್ಲಿ ನಗು ಹೋಯ್ತು. ಬಂದಾಗೆಲ್ಲ ಅದೇ ಮಾತು. "ಅಣ್ಣ, ಬಿಸಿ ತೋರಿಸೋ ಮುಳ್ಳು ಮೇಲೇರ್ತಾ ಇದೆ. ನಿನ್ನೆ ಕೆಂಗೇರಿಗೆ ಹೋಗಿ ಬರೋವಾಗ ಮೂರು ಕಡೆ ನಿಲ್ಲಿಸಿದೆ. ಬಾನೆಟ್ ತೆಗೆದ್ರೆ ಅಂಬಲಿ ಸೀದ ವಾಸನೆ. ಯಾವತ್ತೋ ಒಂದಿನ ಇದು ನನ್ನ ತಿಂದಾಕ್ತದೆ ಕಣಣ್ಣ." ತನ್ನ ಪಾಡಿಗೆ ತಾನು ಒಂದು ಉಪಾಯ ಮಾಡಿದ್ದ. ಕೇರಿ ಬಾವಿಯಿಂದ ಸೀಮೆಎಣ್ಣೆ ಡಬ್ಬ ತುಂಬ ನೀರು ತಂದು ಡಿಕ್ಕೀಲಿ ಇಟ್ಕೋತಿದ್ದ. ಅಲ್ಲಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಕಾದು, ಮುಚ್ಚಳ ಮೆಲ್ಲಗೆ ತಿರುಗಿಸಿ, ಇಷ್ಟಿಷ್ಟೇ ಹುಯ್ದು ಓಡಿಸ್ತಿದ್ದ. ಆ ಡಬ್ಬ ಒಂದು ಇಲ್ಲದೇ ಹೋಗಿದ್ರೆ ಕಾರು ಯಾವತ್ತೋ ಕೆಟ್ಟು ನಿಲ್ತಿತ್ತು.

ಗೌಡರ ಮಗಳ ವೀಳ್ಯಶಾಸ್ತ್ರ ಬಂತು. ಗಂಡಿನ ಮನೆ ತಾವರೆಕೆರೆ ಕಡೆ. ಅವತ್ತು ಬೆಳಿಗ್ಗೆ ಕಾರಿನ ತುಂಬ ಏಳು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ವೀಳ್ಯದೆಲೆ, ಹೂವು, ಸೀರೆ. ಗೌಡರ ಹೆಂಡತಿ ಲಕ್ಷ್ಮಿದೇವಮ್ಮ ಡಿಕ್ಕೀಲಿ ಡಬ್ಬ ನೋಡಿದಳು.

"ಏನ್ರೀ ಇದು? ಹೊಲಗೇರಿ ನೀರು ಶಾಸ್ತ್ರದ ಸಾಮಾನಿನ ಪಕ್ಕದಲ್ಲಿ!"

"ಬುದ್ಧಿ, ಅದು ಕಾರಿಗೆ. ದಾರಿ ದೂರ ಅದೆ" ಅಂದ ಚಿಕ್ಕಮುನಿಯಪ್ಪ.

"ತೆಗೆದು ಬಿಸಾಕೋ. ದಾರಿ ಉದ್ದಕ್ಕೂ ಬಾವಿ ಇಲ್ವಾ?" ಅಂದರು ಗೌಡರು.

ಬಾವಿ ಇದ್ವು. ಅವನು ಸೇದೋ ಬಾವಿ ಒಂದೂ ಇರಲಿಲ್ಲ. ಡಬ್ಬ ಅಲ್ಲೇ ಗೊಬ್ಬರದ ಗುಂಡಿ ಹತ್ತಿರ ಬಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಒಬ್ಬ ಆಳು ಸೈಕಲ್ ತುಳ್ಕೊಂಡು ಬಂದ. "ಕಾರು ಬ್ಯಾಡರಹಳ್ಳೀಲಿ ಕೆಟ್ಟದೆ. ಗೌಡ್ರು ಕರೀತಾರೆ." ಬೆಸುಗೆ ಸಾಮಾನು ಚೀಲಕ್ಕೆ ತುಂಬ್ಕೊಂಡೆ. ಹೋದೆ.

ಬ್ಯಾಡರಹಳ್ಳಿ ಬಾವಿ ಹತ್ತಿರ ಕಾರು ನಿಂತಿತ್ತು. ಅಷ್ಟರಲ್ಲಿ ಗೌಡರೂ ಮನೆಯೋರೂ ಯಾರದೋ ಗಾಡಿ ಮಾಡ್ಕೊಂಡು ಶಾಸ್ತ್ರಕ್ಕೆ ಮುಂದೆ ಹೋಗಿದ್ರು. ಗೌಡರ ಮೈದುನ ಒಬ್ಬ ನಿಂತಿದ್ದ. ಚಿಕ್ಕಮುನಿಯಪ್ಪ ಮರದ ಕೆಳಗೆ ಕೂತಿದ್ದ, ಎರಡು ಕೈಯೂ ಮುಂದಕ್ಕೆ ಚಾಚಿ. ಅಯ್ಯೋ ಶಿವನೇ, ಆ ಕೈ! ಮೊಣಕೈವರೆಗೂ ಚರ್ಮ ಸುಲಿದು ಬೊಬ್ಬೆ ಎದ್ದಿತ್ತು. ಯಾರೋ ಮೇಲೆ ಬೂದಿ ಉದುರಿಸಿದ್ರು.

ನಾನು ಇಂಜಿನ್ ನೋಡಿದೆ. ಮೇಲಿಂದ ಕೆಳಗೆ ಒಂದು ಗೇಣುದ್ದ ಬಿರುಕು. ಅದು ಬೆಸುಗೆಗೆ ಬಗ್ಗೋದಲ್ಲ. ಮುಗೀತು ಅದರ ಕಥೆ.

ಮೈದುನ ಎರಡು ಎತ್ತು ತರಿಸಿದ. ಕಾರಿನ ಮುಂದಕ್ಕೆ ಹಗ್ಗ ಕಟ್ಟಿ ಎತ್ತು ಹೂಡಿದರು. "ಲೇ ಚಿಕ್ಕ, ಹತ್ತೋ. ಸ್ಟೇರಿಂಗ್ ಯಾರು ಹಿಡೀತಾರೆ?"

"ಅಲ್ಲಯ್ಯಾ, ಅವನ ಕೈ ನೋಡು!" ಅಂದೆ ನಾನು.

"ಹಂಗಾದ್ರೆ ನಿನಗೆ ಬರ್ತದಾ?"

ನನಗೆ ಬರ್ತಿರಲಿಲ್ಲ. ಚಿಕ್ಕಮುನಿಯಪ್ಪ ಸುಮ್ಮನೆ ಎದ್ದು ಹತ್ತಿ ಕೂತ. ಆ ಬೆಂದ ಕೈಲಿ ಸ್ಟೇರಿಂಗ್ ಹಿಡಿದ. ಬ್ಯಾಡರಹಳ್ಳಿಯಿಂದ ಕುರುಬರಹಳ್ಳಿವರೆಗೆ ಎತ್ತು ಎಳೀತು, ಅವನು ತಿರುಗಿಸಿದ. ಕಿಟಕಿ ಪಕ್ಕ ನಾನು ನಡೀತಿದ್ದೆ. ಸ್ಟೇರಿಂಗಿಗೆ ಅವನ ಚರ್ಮ ಅಂಟ್ಕೋತಿತ್ತು. ರಸ್ತೆ ಬದಿ ಜನ ಕಾರು ಎಳೆಯೋ ಎತ್ತು ನೋಡಿ ಕೇಕೆ ಹಾಕಿ ನಗ್ತಿದ್ರು. ಅವನು ನಡೆದದ್ದನ್ನೆಲ್ಲ ದಾರಿ ಉದ್ದಕ್ಕೂ ಹೇಳಿದ.

"ಹೊಗೆ ಬಂತಣ್ಣ. ನಿಲ್ಲಿಸ್ತೀನಿ ಬುದ್ಧಿ ಅಂದೆ. ಹೊತ್ತು ಮೀರ್ತದೆ, ಇನ್ನೊಂದು ಫರ್ಲಾಂಗ್ ನಡಿ ಅಂದ್ರು. ಹಂಗೇ ನಾಕು ಸಲ ಅಂದ್ರು. ಬ್ಯಾಡರಹಳ್ಳೀಲಿ ಅದೇ ನಿಂತ್ಕೊಂಡ್ತು. ಬಾವಿ ಎದುರಿಗೇ ಅದೆ. ನನಗೊಂದು ಕೊಡ ಕೊಡಿ, ಅರ್ಧ ಗಂಟೆ ಆರಲಿ, ನಾನೇ ಇಷ್ಟಿಷ್ಟೇ ಹುಯ್ಕೋತೀನಿ ಅಂದೆ. ಊರ ಕೊಡ ನಿನ್ ಕೈಗೆ ಕೊಡ್ತಾರೇನೋ ಅಂದ್ರು ಗೌಡ್ರು. ಅಮ್ಮಾವ್ರೇ ಸೇದ್ಕೊಂಡು ಬಂದ್ರು. ಮುಚ್ಚಳ ತೆಗಿ ಅಂದ್ರು. ಬ್ಯಾಡಿ ಅಮ್ಮಾವ್ರೇ, ಒಳಗೆ ಕಾದ ಕಬ್ಬಿಣ ಅದೆ, ತಣ್ಣೀರು ಬಿದ್ರೆ ಒಡೀತದೆ ಅಂದೆ. ಗೌಡ್ರು ಕತ್ತಿನ ಪಟ್ಟಿ ಹಿಡಿದು ಬಗ್ಗಿಸಿದ್ರು. ತೆಗೆದೆ."

ತಿರುವು ಬಂತು, ಸ್ಟೇರಿಂಗ್ ತಿರುಗಿಸಿ ಮುಂದಕ್ಕೆ ಹೇಳಿದ.

"ಹಬೆ ಕೈಗೆ ಹೊಡೀತು. ಕೈ ತೆಗೆಯೋದ್ರೊಳಗೆ ಅಮ್ಮಾವ್ರು ದೂರದಿಂದ ಎತ್ತಿ ಪೂರ್ತಿ ಕೊಡ ಹುಯ್ದ್ರು. ಕುದಿಯೋ ನೀರೆಲ್ಲ ಹಿಂದಕ್ಕೆ ಎಗರಿ ನನ್ನ ಮೇಲೇ. ಆಮೇಲೆ ಟಣ್ ಅಂತು ಕಣಣ್ಣ. ಬರ್ಮಾದಲ್ಲಿ ಬಾಂಬ್ ಬಿದ್ದಾಗ್ಲೂ ನಾನು ಹಂಗೆ ಹೆದರಿರಲಿಲ್ಲ."

ಮೂರನೇ ದಿನ ಬೆಳಿಗ್ಗೆ ಗೌಡರ ಜಗಲಿ ಮೇಲೆ ಪಂಚಾಯ್ತಿ. ಊರ ಯಜಮಾನ ಉಗ್ರಪ್ಪ ಮಧ್ಯದಲ್ಲಿ ಕೂತಿದ್ದ. ಊರವರು ಸುತ್ತ. ಚಿಕ್ಕಮುನಿಯಪ್ಪ, ಅವನ ಹೆಂಡತಿ ಪಟಾಲಮ್ಮ ಕೆಳಗೆ ಬಿಸಿಲಲ್ಲಿ ನಿಂತಿದ್ರು. ನಾನು ಮೆಟ್ಟಿಲ ಹತ್ತಿರ. ಹಿಂದಿನ ದಿನವೇ ಗೌಡರು ನನಗೆ ಹೇಳಿ ಕಳಿಸಿದ್ರು. ಡ್ರೈವರ್ ನೀರು ಹಾಕದೆ ಓಡಿಸಿ ಇಂಜಿನ್ ಸುಟ್ಟ ಅಂತ ಹೇಳಬೇಕು, ಅಷ್ಟೇ ಮಾತು.

ಗೌಡರು ತೀರ್ಪು ಮೊದಲೇ ಬರೆಸಿಟ್ಟಿದ್ರು. ಇಂಜಿನ್ ಋಣ ತೀರೋವರೆಗೆ ಚಿಕ್ಕಮುನಿಯಪ್ಪ ಗಂಡಹೆಂಡಿರು ಅವರ ಮನೇಲಿ ಜೀತಕ್ಕಿರಬೇಕು. ಅದು ಯಾವತ್ತು ತೀರ್ತದೆ ಅಂತ ಬರೆದಿರಲಿಲ್ಲ. ಅವನ ಅಪ್ಪನ ಜೀತದ ಪತ್ರದಲ್ಲೂ ಬರೆದಿರಲಿಲ್ಲವಂತೆ.

"ಹೇಳಯ್ಯ ವೆಂಕಟಸ್ವಾಮಿ" ಅಂದ ಉಗ್ರಪ್ಪ.

ಅಂಗಡಿ ಕಣ್ಮುಂದೆ ಬಂತು. ಆ ರಾಗಿಹಿಟ್ಟೂ ಬಂತು. ಚಿಕ್ಕಮುನಿಯಪ್ಪ ಈ ಸಲ ನನ್ನ ಮುಖ ನೋಡ್ತಿರಲಿಲ್ಲ, ನೆಲ ನೋಡ್ತಿದ್ದ. ಅದು ನನಗೆ ತಡೆಯೋಕಾಗಲಿಲ್ಲ.

"ಯಜಮಾನ್ರೇ, ಒಂದು ಲಾಟೀನು ಕೊಡಿಸಿ" ಅಂದೆ.

"ಹಗಲು ಹೊತ್ತು ಲಾಟೀನಾ? ತಲೆ ಸರಿಯಾಗಿದೆಯೇನಯ್ಯ?" ಎಲ್ಲರೂ ನಕ್ಕರು.

ತಂದರು. ಹಚ್ಚಿದೆ. ಬತ್ತಿ ಏರಿಸಿದೆ. ಗಾಜು ಚೆನ್ನಾಗಿ ಕಾಯೋವರೆಗೂ ಬಿಟ್ಟೆ. ಬಾಗಿಲ ಮರೆಯಲ್ಲಿ ಲಕ್ಷ್ಮಿದೇವಮ್ಮ ನಿಂತಿದ್ದಳು. "ಅಮ್ಮಾ, ಅವತ್ತು ಹೆಂಗ್ ಹುಯ್ದ್ರೋ ಹಂಗೇ ಒಂದು ಚೊಂಬು ಇದರ ಮೇಲೆ ಹುಯ್ಯಿರಿ. ದೂರ ನಿಂತು, ಎತ್ತಿ."

ಆಕೆ ಗಂಡನ ಮುಖ ನೋಡಿದಳು. ಗೌಡರಿಗೆ ಇದು ಎಲ್ಲಿಗೆ ಹೋಗ್ತದೆ ಅಂತ ಇನ್ನೂ ಹೊಳೆದಿರಲಿಲ್ಲ. "ಹುಯ್ಯೆ, ಏನಾಗ್ತದೋ ನೋಡೋಣ" ಅಂದರು. ಹುಯ್ದಳು. ಗಾಜು ಚಟ್ ಅಂತ ಎರಡು ಹೋಳಾಗಿ ಉದುರಿತು.

ಲಕ್ಷ್ಮಿದೇವಮ್ಮ ಕೈಲಿದ್ದ ಚೊಂಬು ನೋಡ್ಕೊಂಡು ಅಂದಳು: "ಇವನು ಬ್ಯಾಡ ಅಂದ. ನಾನೇ ಹುಯ್ದೆ."

"ಒಳಗ್ ನಡಿ!" ಅಂದರು ಗೌಡರು.

ಉಗ್ರಪ್ಪ ಗಂಟಲು ಸರಿಮಾಡ್ಕೊಂಡ. "ನೋಡ್ರಪ್ಪ, ಇಂಜಿನ್ ಒಡೆದದ್ದು ನೀರಿಂದ. ಸರಿ, ಒಪ್ಪಿದೆ. ಕೊಡ ಇವನ ಕೈಗೆ ಕೊಡೋಕಾಗ್ತಿತ್ತಾ? ಆಗ್ತಿರಲಿಲ್ಲ. ಅದು ಕ್ರಮ. ಗೌಡ್ತಿ ಕ್ರಮ ಬಿಡಲಿಲ್ಲ, ಅದರಲ್ಲಿ ಆಯಮ್ಮನ ತಪ್ಪಿಲ್ಲ. ಕ್ರಮದ್ದು ತಪ್ಪು ಅನ್ನೋಕೆ ನಾನ್ಯಾರು, ನೀವ್ಯಾರು? ಉಳಿದೋನು ಇವನೊಬ್ಬ. ಕಾರು ಇವನ ಕೈಲಿತ್ತು. ಹೆಬ್ಬೆಟ್ಟು ಒತ್ತಿಸಿ."

ನಾನು ತೋರಿಸಿದ್ದು ಸುಳ್ಳು ಅಂತ ಒಬ್ಬನೂ ಅನ್ನಲಿಲ್ಲ. ನಿಜ ಅಂತ ಗೊತ್ತಾದ ಮೇಲೇ ಹಂಗೆ ತೀರ್ಪು ಕೊಟ್ಟರು. ಅದು ನನಗೆ ಇವತ್ತಿಗೂ ಮೈ ಉರಿಸ್ತದೆ.

ಶಾಯಿ ಬಟ್ಟಲು ಬಂತು. ಮೈದುನ ಚಿಕ್ಕಮುನಿಯಪ್ಪನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಪಟಾಲಮ್ಮ ಗೊಳೋ ಅಂತ ಅತ್ತಳು. ಹೆಬ್ಬೆರಳನ್ನ ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದ್ರು. ಗೆರೆ ಮೂಡಲಿಲ್ಲ. ಬರೀ ಕೀವು, ಶಾಯಿ ಕಲಸಿದ ಕಲೆ ಬಿತ್ತು. ತಿರುಗಾ ಒತ್ತಿದ್ರು. ಅದೇ ಕಲೆ.

"ಬೆರಳೇ ಬೆಂದೋಗಿದೆ ಕೆಂಚಪ್ಪನವರೇ" ಅಂದ ಚಿಕ್ಕಮುನಿಯಪ್ಪ.

ಜಗಲಿ ಮೇಲಿದ್ದ ತಲೆಗಳೆಲ್ಲ ಎದ್ದವು. ಬುದ್ಧಿ ಅನ್ನಲಿಲ್ಲ ಅವನು.

"ರುಜು ಹಾಕೋಕೆ ಬರ್ತದೆ. ಮಿಲಿಟರೀಲಿ ಕಲಿಸಿದ್ದಾರೆ. ಹಾಕಲ್ಲ. ನಮ್ಮಪ್ಪ ಒತ್ತಿದ ಹೆಬ್ಬೆಟ್ಟೇ ಸಾಕು."

ಅಂದವನೇ ತಿರುಗಿ ಬಾವಿ ಕಡೆ ನಡೆದ. ಹತ್ತು ಹೆಜ್ಜೆ. ಆರು ವರ್ಷ ದಾಟದ ಹತ್ತು ಹೆಜ್ಜೆ. ಹಗ್ಗ ಹಿಡಿಯೋಕೆ ಹೋದ, ಕೈ ಮುಚ್ಚೋಕೆ ಬರಲಿಲ್ಲ. ಹಂಗೇ ಕಟ್ಟೆ ಹತ್ತಿರ ನಿಂತ್ಕೊಂಡ. ನನ್ನ ಕಾಲು ಯಾವಾಗ ನಡೀತೋ ಗೊತ್ತಿಲ್ಲ. ನಾನು ಸೇದಿದೆ. ತುಂಬಿದ ಕೊಡ ಎತ್ತಿ ಹುಯ್ಯಲಿಲ್ಲ. ಅವನ ಎರಡು ತೋಳಿನ ಮಧ್ಯೆ ಇಟ್ಟೆ. ಅವನು ಎದೆಗಾನಿಸಿ ಹಿಡ್ಕೊಂಡ. ಪಟಾಲಮ್ಮ ಬಂದು ಅದರಿಂದಲೇ ಬೊಗಸೆಯಲ್ಲಿ ತಗೊಂಡು ಅವನ ಕೈಗೆ ತಣ್ಣಗೆ ಬಿಟ್ಟಳು.

ಗೌಡರು ಕೂಗಾಡಲಿಲ್ಲ. ಕೂಗಾಡಿದ್ರೆ ಚೆನ್ನಾಗಿತ್ತು. ಮೆಲ್ಲಗೆ ಅಂದರು: "ಬಾವಿ ತೊಳೆಸೋದು ನನಗೆ ಗೊತ್ತು. ನಿಮ್ಮನ್ನ ಏನು ಮಾಡ್ಬೇಕು ಅಂತಾನೂ ಗೊತ್ತು. ಲೈಸೆನ್ಸ್ ನನ್ನ ಪೆಟ್ಟಿಗೇಲಿದೆ. ಹೊಟ್ಟೆ ಹಸಿದಾಗ ಬರ್ತೀಯ ಕಣೋ ಚಿಕ್ಕ."

ಅವತ್ತು ಮಧ್ಯಾಹ್ನವೇ ನನ್ನ ಅಂಗಡಿ ತಗಡೆಲ್ಲ ರಸ್ತೇಲಿತ್ತು. ಬೆಸುಗೆ ಕಡ್ಡಿ, ಇದ್ದಲು ಒಲೆ ಎಲ್ಲ ಚೆಲ್ಲಾಪಿಲ್ಲಿ. ಆ ಮೊಳೆ, ಆ ಲೋಟ ಕೂಡ. ಲೋಟ ಎತ್ಕೊಂಡು ಕಲ್ಲಲ್ಲಿ ಜಜ್ಜಿ ಚಪ್ಪಟೆ ಮಾಡಿದೆ. ಕೇರಿಗೆ ಕೂಲಿ ಕರೆಯೋದು ನಿಲ್ಲಿಸಿದ್ರು. ಒಂದಿನ ಗೌಡರ ಆಳುಗಳು ಕೇರಿ ಮುಂದೆ ಬಂದು ಸುಮ್ಮನೆ ಕೂತು, ಬೀಡಿ ಸೇದಿ, ಗುಡಿಸಲುಗಳನ್ನ ಎಣಿಸಿ ಹೋದರು. ಯಾಕೆ ಎಣಿಸಿದ್ರು ಅಂತ ಯಾರೂ ಕೇಳಲಿಲ್ಲ.

ನಾನು ಟೋಲ್‌ಗೇಟ್ ಟ್ಯಾಕ್ಸಿ ಸ್ಟ್ಯಾಂಡಿನ ಹೊಂಗೆ ಮರದ ಕೆಳಗೆ ಒಲೆ ಹಾಕಿದೆ. ಅಲ್ಲಿ ಬೆಟ್ಟಯ್ಯ ಅಂತ ಒಬ್ಬ ಹಿರೀ ಡ್ರೈವರ್. ಸ್ಟ್ಯಾಂಡಿನವರಿಗೆಲ್ಲ ಅವನ ಮಾತೇ ಮಾತು. ಎಲ್ಲಾ ಕೇಳಿಸ್ಕೊಂಡ. ಚಿಕ್ಕಮುನಿಯಪ್ಪನ ಕೈ ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಡ್ರೈವರುಗಳ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ.

"ನಿಮ್ಮ ರೇಡಿಯೇಟರಿಗೆ ಬೇರೆಯೋರು ನೀರು ಹುಯ್ಯೋಕೆ ಬಿಡ್ತೀರೇನ್ರೋ?"

"ಯಾವನ್ ಬಿಡ್ತಾನೆ ಗುರು?" ಅಂದರು.

ಮೂರು ವಾರಕ್ಕೆ ಗೌಡರ ಮಗಳ ಮದುವೆ. ತಾವರೆಕೆರೆ ಕಡೆಗೇ ದಿಬ್ಬಣ. ಸ್ವಂತ ಕಾರು ಹುಲ್ಲಿನ ಬಣವೆ ಪಕ್ಕ ಸತ್ತು ಬಿದ್ದಿತ್ತು. ನಾಕು ಟ್ಯಾಕ್ಸಿ ಬೇಕು ಅಂತ ಸ್ಟ್ಯಾಂಡಿಗೆ ಹೇಳಿ ಕಳಿಸಿದ್ರು. ಬೆಟ್ಟಯ್ಯ ಆಗಲಿ ಅಂದ.

ಮದುವೆ ದಿನ ಬೆಳಿಗ್ಗೆ ಆರಕ್ಕೆ ನಾಕು ಟ್ಯಾಕ್ಸಿ ಗೌಡರ ಮನೆ ಮುಂದೆ ಸಾಲಾಗಿ ನಿಂತ್ವು. ನಾಕೂ ಡ್ರೈವರು ಒಟ್ಟಿಗೆ ಇಂಜಿನ್ ಆರಿಸಿ, ಇಳಿದು, ಬಾನೆಟ್ ಎತ್ತಿದರು. ಮೊದಲನೇ ಟ್ಯಾಕ್ಸಿಯಿಂದ ನಾನೂ ಚಿಕ್ಕಮುನಿಯಪ್ಪನೂ ಇಳಿದ್ವಿ. ವಾಲಗದೋರು ನುಡಿಸೋದು ನಿಲ್ಲಿಸಿದರು.

ಗೌಡರು ರೇಷ್ಮೆ ಪಂಚೆ ಎತ್ಕೊಂಡು ಓಡಿ ಬಂದರು. "ಏನಯ್ಯಾ ಇದು? ಹೊರಡಿ, ಹೊತ್ತಾಯ್ತು!"

"ನೀರು ಹಾಕ್ಬೇಕು ಗೌಡ್ರೇ" ಅಂದ ಬೆಟ್ಟಯ್ಯ. "ಕೊಡ ಕೊಡಿಸಿ. ನಮ್ಮ ಗಾಡಿಗೆ ನಾವೇ ಸೇದ್ಕೋತೀವಿ. ಇವತ್ತು ನಮ್ಮ ಪರವಾಗಿ ಚಿಕ್ಕಮುನಿಯಪ್ಪ ಸೇದ್ತಾನೆ. ಹಂಗೇ ಪೆಟ್ಟಿಗೇಲಿ ಅವನ ಲೈಸೆನ್ಸ್ ಇದೆಯಂತಲ್ಲ, ಅದನ್ನೂ ತನ್ನಿ."

ಗೌಡರ ಕುತ್ತಿಗೆ ನರ ಉಬ್ಬಿತು. "ಮುಹೂರ್ತ ಮೀರ್ತದೆ ಕಣಯ್ಯಾ!"

"ಇಂಜಿನ್ನೂ ಸ್ವಲ್ಪ ಆರಲಿ ಬಿಡಿ. ಆತುರ ಮಾಡಿದ್ರೆ ಏನಾಗ್ತದೆ ಅಂತ ತಮಗೇ ಗೊತ್ತಲ್ಲ."

ಕೊಟ್ಟಿಗೆ ಕಡೆಯಿಂದ ಗೌಡರ ಮೈದುನ ಹತ್ತು ಆಳುಗಳನ್ನ ಕರ್ಕೊಂಡು ಬಂದ. ಕೈಲಿ ದೊಣ್ಣೆ. ಕೇರಿ ಕಡೆಯಿಂದ ಪಟಾಲಮ್ಮ ಬರ್ತಿದ್ದಳು, ಅವಳ ಹಿಂದೆ ಹೆಂಗಸರು, ಎಲ್ಲರ ಸೊಂಟದಲ್ಲೂ ಖಾಲಿ ಕೊಡ. ಬಾಗಿಲಲ್ಲಿ ಲಕ್ಷ್ಮಿದೇವಮ್ಮ ಹಿತ್ತಾಳೆ ಕೊಡ ಹಿಡ್ಕೊಂಡು ನಿಂತಿದ್ದಳು. ಇನ್ನೊಂದು ಕೈಲಿ ಮಡಿಸಿದ ಕಾಗದ ಏನೋ ಇತ್ತು. ಅದು ಲೈಸೆನ್ಸೇ ಇರಬೇಕು ಅಂತ ನನಗನ್ನಿಸ್ತು. ಆಕೆ ಕೆಳಗೆ ಇಳಿಯಲೂ ಇಲ್ಲ, ಒಳಗೆ ಹೋಗಲೂ ಇಲ್ಲ.

ಚಿಕ್ಕಮುನಿಯಪ್ಪ ಹೊಸ ಚರ್ಮ ಬಂದ ಎರಡು ಕೈ ಮುಂದಕ್ಕೆ ಚಾಚಿದ.

"ಕೊಡಿ ಅಮ್ಮಾವ್ರೇ" ಅಂದ. "ಎತ್ತಿ ಹುಯ್ಯೋದು ಬ್ಯಾಡ. ಕೈಗೆ ಕೊಡಿ."

ದೊಣ್ಣೆಯೋರು ಹತ್ತಿರ ಬಂದರು. ನಾವು ಯಾರೂ ಅಲ್ಲಿಂದ ಕದಲಲಿಲ್ಲ.